ಗಂಧಯುಕ್ತಿಯೂ ವ್ಯಕ್ತಿವೈಶಿಷ್ಟ್ಯವೂ

ಕೆಲವು ತಿಂಗಳುಗಳ ಹಿಂದೆ ಪರದೇಶದಿಂದ ಬಂದ ನನ್ನ ಶಿಷ್ಯರೊಬ್ಬರು ಸಣ್ಣದೊಂದು ಗಾಜಿನ ಸೀಸೆಯನ್ನು ನನ್ನ ಮುಂದಿಟ್ಟು, “ಇದು ಫ್ರಾನ್ಸ್ ದೇಶದ ಸುಗಂಧದ್ರವ್ಯ. ಲೋಕದ ಕಟ್ಟಳೆಗೆ ತಲೆಬಾಗದವರ ಪರಿಮಳವೆಂದು ಇದಕ್ಕೆ ಖ್ಯಾತಿಯುಂಟು. ತಮ್ಮ ಶಾಸ್ತ್ರದ ದೃಷ್ಟಿಯಿಂದ ಇದನ್ನು ಏನೆಂದು ನಿರ್ಣಯಿಸುವಿರಿ?” ಎಂದು ಕೇಳಿದರು. ಅದರ ಹೆಸರು ‘ಬ್ಯಾಂಡಿಟ್’; ಎಂದರೆ ದಾರಿಗಳ್ಳನೆಂದು ಅರ್ಥ. ೧೯೪೪ರಲ್ಲಿ ಪ್ಯಾರಿಸ್ ನಗರದಲ್ಲಿ ರಾಬರ್ಟ್ ಪಿಗೆ ಎಂಬವರ ವಸ್ತ್ರಾಲಯಕ್ಕಾಗಿ ಜರ್ಮೇನ್ ಸೆಲಿಯೇ ಎಂಬ ಗಂಧಶಿಲ್ಪಿ ಇದನ್ನು ರಚಿಸಿದಳು. ಶಿಷ್ಯರ ಪ್ರಶ್ನೆಗೆ ಆಗ ನಾನು ನಗುತ್ತ ಏನನ್ನೋ ಹೇಳಿ ಕಳುಹಿಸಿದೆನು. ಆದರೆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಪರಿಮಳವೊಂದು ವ್ಯಕ್ತಿಯ ಸ್ವಾತಂತ್ರ್ಯವನ್ನು ಸಾರಬಲ್ಲುದೇ? ಸಾರುವುದಾದರೆ ಯಾವ ವೃತ್ತಿಯಿಂದ ಸಾರುತ್ತದೆ? ಈ ಎರಡನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಸಾಹಿತ್ಯವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಸುಗಂಧದ ವಿಚಾರವು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಹಾಗೆ ಭಾವಿಸಬೇಕಾದುದಿಲ್ಲ. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಂಧಯುಕ್ತಿಯೂ ಒಂದು. ವರಾಹಮಿಹಿರನು ಆರನೆಯ ಶತಮಾನದಲ್ಲಿ ರಚಿಸಿದ ಬೃಹತ್ಸಂಹಿತೆಯಲ್ಲಿ ಅದೇ ಹೆಸರಿನ ಅಧ್ಯಾಯವೊಂದಿದೆ. ನಮ್ಮ ಕನ್ನಡದಲ್ಲಿಯೇ ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಈ ವಿದ್ಯೆಗೆ ಎಡೆಯಿತ್ತಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ವಿಲೇಪನಭೋಗ, ಧೂಪಭೋಗಗಳನ್ನು ವಿಸ್ತರಿಸಿರುವನು. ಇಂದಿನ ವಿದ್ವಾಂಸರಲ್ಲಿ ಪಿ. ಕೆ. ಗೋಡೆಯವರು ಈ ಗ್ರಂಥಗಳ ಶೋಧನೆಗೆ ದಾರಿಮಾಡಿದರು. ಜೇಮ್ಸ್ ಮೆಕ್‌ಹ್ಯೂ ಎಂಬವರು ೨೦೧೨ರಲ್ಲಿ ಭಾರತೀಯ ಗಂಧಸಂಸ್ಕೃತಿಯನ್ನು ಕುರಿತು ಪ್ರೌಢಗ್ರಂಥವೊಂದನ್ನೇ ಪ್ರಕಟಿಸಿದರು. ಆದುದರಿಂದ ವಿಷಯವು ಹೊಸದಲ್ಲ. ಅದಕ್ಕೆ ಅಲಂಕಾರಶಾಸ್ತ್ರದ ನಿಕಷವನ್ನು ಒಡ್ಡುವುದು ಮಾತ್ರ ಸ್ವಲ್ಪ ಹೊಸದಾಗಿರಬಹುದು.

೧. ಗಂಧವೂ ಅಧಿಕಾರವೂ

ಮೊದಲು ನಮ್ಮ ಮನೆಯ ಲೆಕ್ಕವನ್ನೇ ನೋಡಬೇಕು. ನಮ್ಮ ಪ್ರಾಚೀನರಲ್ಲಿ ಸುಗಂಧವೆಂಬುದು ಬೇಕಾದವರು ಬೇಕಾದಂತೆ ಪೂಸಿಕೊಳ್ಳತಕ್ಕ ವಸ್ತುವಾಗಿರಲಿಲ್ಲ; ಅದಕ್ಕೆ ಅಧಿಕಾರವು ಬೇಕಾಗಿದ್ದಿತು. ಬ್ರಹ್ಮಚಾರಿಯು ಗಂಧಮಾಲ್ಯಗಳನ್ನು ವರ್ಜಿಸತಕ್ಕದ್ದೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸುತ್ತದೆ. ವಾತ್ಸ್ಯಾಯನನ ನಾಗರಕನಾದರೋ ಪ್ರಾತಃಕಾಲದಲ್ಲಿಯೇ ಅನುಲೇಪನ, ಧೂಪ, ಮಾಲೆಗಳಿಂದ ಸಿದ್ಧನಾಗುವನು. ಬೃಹತ್ಸಂಹಿತೆಯ ಗಂಧಯುಕ್ತ್ಯಧ್ಯಾಯವು ಆರಂಭವಾಗುವ ಬಗೆಯು ಇನ್ನೂ ಸ್ವಾರಸ್ಯವಾದುದು. ತಲೆ ನರೆತವನಿಗೆ ಮಾಲೆ, ಗಂಧ, ಧೂಪ, ವಸ್ತ್ರ, ಆಭರಣಗಳು ಶೋಭಿಸುವುದಿಲ್ಲವಾದುದರಿಂದ ಮೊದಲು ಕೂದಲನ್ನು ಕಪ್ಪುಗೊಳಿಸಿಕೊಳ್ಳಬೇಕೆಂಬ ತಾತ್ಪರ್ಯದಿಂದ ಅಧ್ಯಾಯವು ತೊಡಗುತ್ತದೆ! ಐವತ್ತೈದು ದಾಟಿ, ಬೆಳ್ಳಿಯ ಕೂದಲನ್ನು ಹೊತ್ತು, ಶಿಷ್ಯರ ಸೀಸೆಯನ್ನು ಮೂಸಿ ನೋಡುತ್ತಿದ್ದ ನಾನು ಆಚಾರ್ಯನ ಮತದಂತೆ ಅನಧಿಕಾರಿಯೇ ಸರಿ.

ಇದು ನಗೆಯ ಮಾತಾಯಿತು. ನಗಲಾಗದ ಮಾತೂ ಒಂದುಂಟು. ನಮ್ಮ ತಂದೆಯವರ ಸೋದರತ್ತೆಯೊಬ್ಬರು ಬಾಲ್ಯದಲ್ಲಿಯೇ ವಿಧವೆಯಾಗಿ ನಮ್ಮ ಮನೆಯಲ್ಲಿಯೇ ಮುಪ್ಪಾದರು. ಅವರಿಗೆ ಹೂವಿಲ್ಲ, ಕುಂಕುಮವಿಲ್ಲ, ಗಂಧವಿಲ್ಲ. ಆದರೆ ಮನೆಯ ಹಬ್ಬಹರಿದಿನಗಳಲ್ಲಿ ಮಲ್ಲಿಗೆಯನ್ನು ಕಟ್ಟುವ ಕೆಲಸವು ಅವರದೇ. ದೇವರಿಗೂ ಮುತ್ತೈದೆಯರಿಗೂ ಮೊಳಗಟ್ಟಲೆ ಕಟ್ಟಿಕೊಟ್ಟು ತಾವು ಒಂದೆಸಳನ್ನೂ ಮುಡಿಯುತ್ತಿರಲಿಲ್ಲ. ರಾತ್ರಿ ನಮಗೆ ಕೈತುತ್ತು ಹಾಕುವಾಗ ಅವರ ಬೆರಳುಗಳಿಂದ ಮಲ್ಲಿಗೆಯ ಕಂಪು ಬರುತ್ತಿದ್ದಿತು. ಆ ಕಂಪನ್ನು ಯಾವ ವಿಧಿನಿಷೇಧವೂ ತಡೆಯಲಾರದಾಯಿತು. ಮುಂದೆ ಪಾಠಶಾಲೆಯಲ್ಲಿ ಧರ್ಮಶಾಸ್ತ್ರವನ್ನು ಓದುವಾಗ ಗಂಧವರ್ಜನದ ಪ್ರಕರಣವು ಬಂದಾಗಲೆಲ್ಲ ನನಗೆ ಆ ಬೆರಳುಗಳೇ ನೆನಪಾಗುತ್ತಿದ್ದುವು. ಸುಗಂಧವು ಭೋಗವಸ್ತು ಮಾತ್ರವಲ್ಲ, ‘ನೀನು ಯಾರು’ ಎಂದು ಸಮಾಜವು ವ್ಯಕ್ತಿಯ ಮೈಮೇಲೆ ಬರೆಯುವ ಲಿಪಿಯೂ ಹೌದೆಂಬುದು ನನಗೆ ಗ್ರಂಥಗಳಿಂದಲ್ಲ, ಅವರಿಂದಲೇ ತಿಳಿದುದು.

೨. ಶಾಸ್ತ್ರದ ಇನ್ನೊಂದು ಮುಖ

ಹೀಗೆಂದು ನಮ್ಮ ಗಂಧಶಾಸ್ತ್ರವು ವ್ಯಕ್ತಿಯ ರುಚಿಗೆ ಅವಕಾಶವನ್ನೇ ಕೊಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ವರಾಹಮಿಹಿರನು ಭದ್ರಮುಷ್ಟಿ, ಲಾವಂಚ, ಕಲ್ಲುಹೂವು, ಅಗರು, ದವನ, ನಖ, ತಗರ, ಕರ್ಪೂರ, ಚಂದನ ಮೊದಲಾದ ೧೬ ದ್ರವ್ಯಗಳನ್ನು ಹೇಳಿ, ಅವುಗಳಲ್ಲಿ ಬೇಕಾದ ನಾಲ್ಕನ್ನು ಆರಿಸಿಕೊಂಡು ಒಂದು, ಎರಡು, ಮೂರು, ನಾಲ್ಕು ಭಾಗಗಳಂತೆ ಬೆರಸಬೇಕೆನ್ನುತ್ತಾನೆ. ೧೬ರಲ್ಲಿ ನಾಲ್ಕನ್ನು ಆರಿಸುವ ಬಗೆಗಳು ೧,೮೨೦. ಇದನ್ನು ೯೬ರಿಂದ ಗುಣಿಸಿ ೧,೭೪,೭೨೦ ಗಂಧಗಳಾಗುವುವೆಂದು ಆತನ ಲೆಕ್ಕ. ನಾಲ್ಕು ದ್ರವ್ಯಗಳಿಗೆ ನಾಲ್ಕು ಭಾಗಗಳನ್ನು ಹಂಚುವ ಬಗೆಗಳು ೨೪ ಮಾತ್ರವಾದುದರಿಂದ ಇಂದಿನ ಗಣಿತಜ್ಞನು ೪೩,೬೮೦ ಎಂದೇ ಎಣಿಸಿಯಾನು. ಹಾಗೆ ಎಣಿಸಿದರೂ ಒಂದು ನಗರದ ಪ್ರಜೆಗಳೆಲ್ಲರಿಗೂ ಒಬ್ಬರಿಗಿದ್ದುದು ಇನ್ನೊಬ್ಬರಿಗಿಲ್ಲದಂತೆ ಹಂಚುವಷ್ಟು ಗಂಧಗಳಾಗುತ್ತವೆ.

ಈ ಸಂಖ್ಯೆಯನ್ನು ಗಣಿತದ ವಿಲಾಸವೆಂದು ತಳ್ಳಿಬಿಡಲಾಗದು. ಏಕೆಂದರೆ ಆಚಾರ್ಯನು ಅದರೊಡನೆಯೇ ಒಂದು ನಿಯಮವನ್ನೂ ಹೇಳುತ್ತಾನೆ: ಕೊತ್ತಂಬರಿಯ ವಾಸನೆಯು ಅತಿ ಉಲ್ಬಣವಾದುದರಿಂದ ಅದಕ್ಕೆ ಒಂದೇ ಭಾಗ, ಕರ್ಪೂರಕ್ಕೆ ಅದಕ್ಕಿಂತಲೂ ಕಡಮೆ, ಇವೆರಡನ್ನು ಹೆಚ್ಚು ಭಾಗಗಳಲ್ಲಿ ಸೇರಿಸತಕ್ಕುದಲ್ಲ. ಬಲಶಾಲಿಯಾದ ದ್ರವ್ಯವು ಉಳಿದವುಗಳನ್ನು ಮುಚ್ಚಿಬಿಡಬಾರದೆಂಬುದೇ ಇದರ ಇಂಗಿತ. ಮೂಸಿ ನೋಡಿದವನು ಮಾತ್ರ ಇಂತಹ ಮಾತನ್ನು ಹೇಳಬಲ್ಲನು. ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಕಾವ್ಯಕ್ಕೆ ಹೇಳಿದ ಔಚಿತ್ಯವನ್ನು ವರಾಹಮಿಹಿರನು ಗಂಧಕ್ಕೆ ಐದು ಶತಮಾನಗಳ ಮುಂಚೆಯೇ ಹೇಳಿದಂತಾಯಿತು.

ಎಂದರೆ, ನಮ್ಮಲ್ಲಿ ಯಾರು ಪೂಸಿಕೊಳ್ಳಬೇಕೆಂಬುದಕ್ಕೆ ಬಿಗಿಯಾದ ಬೇಲಿಯಿದ್ದಿತು. ಬೇಲಿಯ ಒಳಗಿದ್ದವನಿಗೆ ಏನನ್ನು ಪೂಸಿಕೊಳ್ಳಬೇಕೆಂಬುದರಲ್ಲಿ ಸಮುದ್ರದಷ್ಟು ಅವಕಾಶವಿದ್ದಿತು. ಪಶ್ಚಿಮದ ಆಧುನಿಕ ಸುಗಂಧದ ಇತಿಹಾಸವು ಇದಕ್ಕೆ ಬಹುಮಟ್ಟಿಗೆ ವಿಪರ್ಯಾಸವಾಗಿದೆ. ಅಲ್ಲಿ ಬೇಲಿಯು ಮುರಿಯಿತು. ಆದರೆ ಗಂಧವು ಸೀಸೆಯೊಳಗೆ ಸೇರಿತು.

೩. ಬ್ಯಾಂಡಿಟ್ ಹುಟ್ಟಿದ ನಾಡು

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿಯೂ ಗಂಧಕ್ಕೆ ಅಧಿಕಾರಭೇದವಿದ್ದಿತೆಂಬುದನ್ನು ಅಲೈನ್ ಕೊರ್ಬೆನ್ ಎಂಬ ಇತಿಹಾಸಕಾರರು ೧೯೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಗೌರವಸ್ಥ ಕುಟುಂಬದ ಸ್ತ್ರೀಯರಿಗೆ ಹೂವುಗಳ ಮೃದುವಾದ ಕಂಪು ಉಚಿತ. ಕಸ್ತೂರಿ, ಪುನುಗುಗಳ ಘಾಟು ಅನುಚಿತ. ಈ ಎಲ್ಲೆಯು ಸಡಿಲಗೊಂಡುದು ಕ್ರಮಕ್ರಮವಾಗಿ. ೧೮೮೯ರಲ್ಲಿ ಎಮೆ ಗೆರ್ಲೆನ್ ರಚಿಸಿದ ‘ಜಿಕಿ’ಯಲ್ಲಿ ಲ್ಯಾವೆಂಡರ್ ಹೂವಿನೊಡನೆ ಪುನುಗೂ ರಸಾಯನಶಾಲೆಯಲ್ಲಿ ಹುಟ್ಟಿದ ವ್ಯಾನಿಲಿನ್, ಕುಮರಿನ್‌ಗಳೂ ಸೇರಿದುವು, ಸ್ತ್ರೀಯರೂ ಪುರುಷರೂ ಅದನ್ನು ಬಳಸಿದರು. ೧೯೧೯ರಲ್ಲಿ ಕ್ಯಾರೊನ್ ಸಂಸ್ಥೆಯು ಹೊಗೆಸೊಪ್ಪನ್ನೂ ತೊಗಲನ್ನೂ ನೆನಪಿಸುವ ‘ತಬಾ ಬ್ಲೊಂ’ ಎಂಬುದನ್ನು ಸಿಗರೇಟು ಸೇದುವ ಸ್ತ್ರೀಯರಿಗಾಗಿಯೇ ಹೊರತಂದಿತು. ೧೯೨೧ರಲ್ಲಿ ಅರ್ನೆಸ್ಟ್ ಬೋ ಎಂಬವರು ಶನೆಲ್‌ಗಾಗಿ ರಚಿಸಿದ ‘ಐದನೆಯ ನಂಬರು’ ಯಾವ ಒಂದು ಹೂವಿನ ಹೆಸರನ್ನೂ ಹೊರದೆ, ಆಲ್ಡಿಹೈಡ್ ಎಂಬ ಕೃತಕದ್ರವ್ಯಗಳ ಬಲದಿಂದ ಹೂವುಗಳನ್ನೇ ಅಮೂರ್ತಗೊಳಿಸಿತು.

ಈ ಪರಂಪರೆಯಲ್ಲಿ ಸೆಲಿಯೇ ಬಂದಳು. ೧೯೦೯ರಲ್ಲಿ ಬೋರ್ಡೊ ನಗರದಲ್ಲಿ ಹುಟ್ಟಿದ ಈಕೆಯು ಗಂಡಸರದೇ ಆಗಿದ್ದ ವೃತ್ತಿಯಲ್ಲಿ ಸ್ವಂತ ಹೆಸರನ್ನು ಪಡೆದ ಮೊದಮೊದಲ ಸ್ತ್ರೀಯರಲ್ಲಿ ಒಬ್ಬಳು. ೧೯೪೪ರಲ್ಲಿ ಬ್ಯಾಂಡಿಟ್, ೧೯೪೭ರಲ್ಲಿ ‘ವಾಂ ವೇರ್’ ಎಂಬ ಹಸುರುಗಾಳಿ, ೧೯೪೮ರಲ್ಲಿ ಸುಗಂಧರಾಜದ ಹೂವನ್ನು ಆಶ್ರಯಿಸಿದ ‘ಫ್ರಕಾ’ ಇವು ಆಕೆಯ ಪ್ರಸಿದ್ಧ ಕೃತಿಗಳು. ಸುಗಂಧರಾಜವನ್ನು ಅಷ್ಟು ಸೊಗಸಾಗಿ ಒಲಿಸಿಕೊಳ್ಳಬಲ್ಲವಳು ಬ್ಯಾಂಡಿಟ್ಟಿನಲ್ಲಿ ಕಟುತ್ವವನ್ನು ಆರಿಸಿದುದು ಅಶಕ್ತಿಯಿಂದಲ್ಲವೆಂಬುದನ್ನು ನೆನಪಿಡಬೇಕು.

೪. ಬ್ಯಾಂಡಿಟ್ಟಿನ ವಿಮರ್ಶೆ

ಸೀಸೆಯ ಬಿರಡೆಯನ್ನು ತೆಗೆದ ಕೂಡಲೆ ಮೂಗಿಗೆ ತಾಕುವುದು ಕಹಿಯಾದ ಹಸುರು ವಾಸನೆ. ಇದು ಗಾಲ್ಬನಮ್ ಎಂಬ ಅಂಟಿನದು. ನಮ್ಮ ಇಂಗಿನ ಗಿಡದ ಕುಲಕ್ಕೇ ಸೇರಿದ, ಇರಾನಿನ ಕಡೆಯ ಗಿಡವೊಂದರಿಂದ ಅದು ಬರುತ್ತದೆ. ಬಳಿಕ ಹೂವುಗಳ ಸುಳಿವು ಅಲ್ಪಕಾಲ ತೋರಿ ಮರೆಯಾಗುತ್ತದೆ. ಆಮೇಲೆ ನಿಲ್ಲುವುದು ಹದಮಾಡಿದ ತೊಗಲು, ಹೊಗೆ, ಒದ್ದೆಯಾದ ಕಾಡುನೆಲ ಇವುಗಳ ವಾಸನೆ. ತೊಗಲಿನ ಭಾವವನ್ನು ಕೊಡುವುದು ಐಸೊಬ್ಯುಟೈಲ್ ಕ್ವಿನೊಲೀನ್ ಎಂಬ ಕೃತಕದ್ರವ್ಯ. ಅದು ಬಲು ಉಲ್ಬಣವಾದುದು; ಇತರರು ಅಂಜಿ ಅಂಜಿ ಬಳಸುತ್ತಿದ್ದುದನ್ನು ಸೆಲಿಯೇ ಧಾರಾಳವಾಗಿ ಸುರಿದಳು. ವರಾಹಮಿಹಿರನು ಕೊತ್ತಂಬರಿ ಕರ್ಪೂರಗಳಿಗೆ ಹೇಳಿದ ಕಟ್ಟನ್ನು ಆಕೆ ಬೇಕೆಂದೇ ಮುರಿದಳೆನ್ನಬಹುದು.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಗಂಧವು ಪೃಥಿವಿಯೊಂದರಲ್ಲಿಯೇ ಇರುವ ಗುಣ, ಅದು ಸುರಭಿ, ಅಸುರಭಿ ಎಂದು ಎರಡು ಬಗೆ ಎಂಬುದು ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ತಿಳಿದ ವಿಷಯ. ತೊಗಲೂ ಹೊಗೆಯೂ ಅಸುರಭಿಯ ಕಡೆಗೆ ಸೇರತಕ್ಕವು. ಅವುಗಳನ್ನು ಸುಗಂಧವೆಂದು ಪೂಸಿಕೊಳ್ಳುವುದು ದೋಷವನ್ನೇ ಗುಣವೆಂದು ಹೊಗಳಿದಂತಲ್ಲವೇ?

ಇದಕ್ಕೆ ಮೊದಲ ಸಮಾಧಾನವು ನಮ್ಮ ಗಂಧಶಾಸ್ತ್ರದಿಂದಲೇ ದೊರೆಯುತ್ತದೆ. ಕಸ್ತೂರಿಯೂ ಪುನುಗೂ ಮೃಗಗಳ ದೇಹದಲ್ಲಿ ಹುಟ್ಟುವುವು. ವರಾಹಮಿಹಿರನ ನಖವೆಂಬುದು ಕಡಲ ಬಸವನಹುಳುವಿನ ಚಿಪ್ಪಿನ ಬಾಯಿಮುಚ್ಚಳ. ಇವು ಬಿಡಿಯಾಗಿ ಮೂಗನ್ನು ಮುಚ್ಚಿಕೊಳ್ಳುವಂತೆ ಮಾಡಿದರೂ ಯುಕ್ತಿಯಿಂದ ಸೇರಿದಾಗ ಉಳಿದ ದ್ರವ್ಯಗಳಿಗೆ ಆಳವನ್ನು ಕೊಡುತ್ತವೆ. ಅಲ್ಲದೆ ಬ್ಯಾಂಡಿಟ್ಟಿನ ಅಡಿಗಟ್ಟಾದ ಓಕ್ ಮರದ ಪಾಚಿಯು ನಮ್ಮ ಕಲ್ಲುಹೂವಿನ ವರ್ಗದ್ದೇ. ಅದರಲ್ಲಿರುವ ಲಾವಂಚವಂತೂ ನಮ್ಮ ನೆಲದ್ದೇ. ಆದುದರಿಂದ ದ್ರವ್ಯದ ದೃಷ್ಟಿಯಿಂದ ಅದು ನಮಗೆ ತೀರ ಪರಕೀಯವೇನಲ್ಲ.

ಎರಡನೆಯ ಸಮಾಧಾನವು ಇದಕ್ಕಿಂತ ಮುಖ್ಯವಾದುದು. ಶ್ರುತಿದುಷ್ಟ ಮೊದಲಾದ ದೋಷಗಳು ಅನಿತ್ಯವೆಂದು ಆನಂದವರ್ಧನನು ಧ್ವನ್ಯಾಲೋಕದ ಎರಡನೆಯ ಉದ್ದ್ಯೋತದಲ್ಲಿ ನಿರ್ಣಯಿಸಿರುವನು. ಕಿವಿಗೆ ಕಟುವಾದ ವರ್ಣಗಳು ಶೃಂಗಾರದಲ್ಲಿ ತ್ಯಾಜ್ಯ. ರೌದ್ರದಲ್ಲಿ ಅವೇ ಉಪಕಾರಕ. ದೋಷವೆಂಬುದು ಶಬ್ದದಲ್ಲಿ ನೆಲಸಿದ ಕಳಂಕವಲ್ಲ, ರಸದೊಡನೆ ಅದಕ್ಕಿರುವ ಸಂಬಂಧದಿಂದ ನಿರ್ಣಯವಾಗತಕ್ಕುದು. ಈ ತತ್ತ್ವವನ್ನು ಘ್ರಾಣಕ್ಕೆ ಅನ್ವಯಿಸಿದರೆ ಬ್ಯಾಂಡಿಟ್ಟಿನ ರಹಸ್ಯವು ಬಯಲಾಗುತ್ತದೆ. ಸ್ತ್ರೀಯ ಸುಗಂಧವೆಂದರೆ ಶೃಂಗಾರವೇ ಅಂಗಿಯಾಗಿರಬೇಕೆಂಬುದು ಅಂದಿನ ಲೋಕದ ಕಟ್ಟಳೆ. ಸೆಲಿಯೇ ಆ ಅಂಗಿರಸವನ್ನೇ ಬದಲಿಸಿ ವೀರವನ್ನು ಇರಿಸಿದಳು. ರಸವು ಬದಲಾದ ಮೇಲೆ ಕ್ವಿನೊಲೀನಿನ ಕಟುತ್ವವು ದೋಷವಾಗಿ ಉಳಿಯದೆ ಓಜಸ್ಸೆಂಬ ಗುಣವಾಯಿತು. ನಡುವೆ ಮಿಂಚಿ ಮರೆಯಾಗುವ ಹೂವುಗಳು ಅಂಗಿಯಾದ ವೀರಕ್ಕೆ ಅಂಗವಾಗಿ ಬಂದ ಶೃಂಗಾರವೆನ್ನಬಹುದು. ಕಟ್ಟನ್ನು ಮುರಿದುದರಿಂದ ಈ ಕೃತಿಯು ಶ್ಲಾಘ್ಯವಾಗಲಿಲ್ಲ. ಕಟ್ಟನ್ನು ಮುರಿದು ತನ್ನದೇ ಆದ ಔಚಿತ್ಯವನ್ನು ಸ್ಥಾಪಿಸಿದುದರಿಂದ ಶ್ಲಾಘ್ಯವಾಯಿತು. ಸ್ವೈರತೆಗೂ ಸ್ವಾತಂತ್ರ್ಯಕ್ಕೂ ಇರುವ ಅಂತರವು ಇದೇ.

ದೃಶ್ಯ, ಶ್ರವ್ಯ ಎಂಬ ಎರಡೇ ಪ್ರಭೇದಗಳನ್ನು ಹೇಳಿದ ಶಾಸ್ತ್ರದಲ್ಲಿ ಘ್ರೇಯಕ್ಕೆ ರಸವನ್ನು ಹೇಳುವುದು ಹೇಗೆಂದು ಕೇಳಬಹುದು. ವಾಚ್ಯಾರ್ಥವೇ ಇಲ್ಲದ ಗೀತಶಬ್ದಗಳಿಂದಲೂ ರಸವು ವ್ಯಕ್ತವಾಗುವುದೆಂದು ಆನಂದವರ್ಧನನೇ ಒಪ್ಪಿರುವನು. ವ್ಯಂಜಕತ್ವಕ್ಕೆ ವಾಚಕತ್ವವು ಅನಿವಾರ್ಯವಲ್ಲವೆಂದ ಮೇಲೆ ಗಂಧವನ್ನು ಮಾತ್ರ ಹೊರಗೆ ನಿಲ್ಲಿಸಲು ನನಗೆ ಬಲವಾದ ಹೇತುವು ತೋರುವುದಿಲ್ಲ. ಭಿನ್ನಾಭಿಪ್ರಾಯವುಳ್ಳ ವಿದ್ವಾಂಸರು ಖಂಡಿಸಿದರೆ ಸಂತೋಷದಿಂದ ಕೇಳಲು ಸಿದ್ಧನಾಗಿದ್ದೇನೆ.

ಇನ್ನು ಪಾಠಭೇದದ ಒಂದು ಮಾತು. ನಾನು ಮೂಸಿದುದು ೧೯೪೪ರ ಬ್ಯಾಂಡಿಟ್ಟನ್ನಲ್ಲ, ಈಚಿನ ಪರಿಷ್ಕರಣವನ್ನು. ಕೆಲವು ದ್ರವ್ಯಗಳು ಚರ್ಮಕ್ಕೆ ಬಾಧಕವೆಂದು ನಿರ್ಬಂಧಿಸಲ್ಪಟ್ಟಿವೆ. ಓಕ್ ಪಾಚಿಯಲ್ಲಿ ಸಹಜವಾಗಿರುವ ಅಟ್ರನಾಲ್, ಕ್ಲೋರೊಅಟ್ರನಾಲ್‌ಗಳನ್ನು ಐರೋಪ್ಯ ಒಕ್ಕೂಟವು ೨೦೧೭ರ ನಿಯಮದಿಂದ ನಿಷೇಧಿಸಿತು. ಹಳೆಯ ಗಂಧಗಳನ್ನು ಮೂಲರೂಪದಲ್ಲಿ ಕಾಪಾಡಲು ಫ್ರಾನ್ಸಿನ ವರ್ಸಾಯಿಯಲ್ಲಿ ೧೯೯೦ರಲ್ಲಿ ‘ಓಸ್ಮೊತೆಕ್’ ಎಂಬ ಗಂಧಭಂಡಾರವು ಸ್ಥಾಪಿತವಾಯಿತು. ಅದು ನಮ್ಮ ಓಲೆಗರಿಯ ಭಂಡಾರಗಳಂತೆಯೇ. ಲಭ್ಯವಿರುವ ಪಾಠದಿಂದ ಮೂಲವನ್ನು ಊಹಿಸುವ ಕಷ್ಟವು ಗ್ರಂಥಸಂಪಾದಕರಿಗೆ ಹೊಸದಲ್ಲವಾದುದರಿಂದ ಈ ವಿಮರ್ಶೆಯನ್ನೂ ಅದೇ ಎಚ್ಚರದಿಂದ ಸ್ವೀಕರಿಸಬೇಕೆಂದು ಪ್ರಾರ್ಥನೆ.

೫. ಸ್ವಶಬ್ದವಾಚ್ಯತೆ

ಬ್ಯಾಂಡಿಟ್ಟಿನ ಅರ್ಧ ಶತಮಾನದ ಬಳಿಕ, ೧೯೯೪ರಲ್ಲಿ, ಅಮೇರಿಕದ ಕ್ಯಾಲ್ವಿನ್ ಕ್ಲೈನ್ ಸಂಸ್ಥೆಯು ‘ಸಿಕೆ ವನ್’ ಎಂಬುದನ್ನು ಹೊರತಂದಿತು. ಇದು ಸ್ತ್ರೀಪುರುಷರಿಬ್ಬರಿಗೂ ಒಂದೇ ಎಂದು ಘೋಷಿಸಲ್ಪಟ್ಟಿತು. ಬಗೆಬಗೆಯ ಯುವಕಯುವತಿಯರು ಸಾಲಾಗಿ ನಿಂತ ಕಪ್ಪುಬಿಳುಪಿನ ಚಿತ್ರಗಳಿಂದ ಅದರ ಪ್ರಚಾರವು ನಡೆಯಿತು. ಎಲ್ಲರೂ ಅವರವರಂತೆಯೇ ಇರಬಹುದೆಂಬುದು ಆ ಚಿತ್ರಗಳ ಅಭಿಪ್ರಾಯ. ಈ ಉದ್ದೇಶವನ್ನು ನಾನು ಹಳಿಯುವುದಿಲ್ಲ. ಸ್ತ್ರೀಗಂಧ, ಪುರುಷಗಂಧ ಎಂದು ಅಂಗಡಿಯ ಕಪಾಟುಗಳನ್ನು ಬೇರೆಮಾಡಿದ್ದ ಕಾಲದಲ್ಲಿ ಗೋಡೆಯನ್ನು ತೆಗೆಯಲು ಹೊರಟುದು ಮೆಚ್ಚತಕ್ಕುದೇ. ಚಂದನ ಕಸ್ತೂರಿಗಳನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಪೂಸಿಕೊಂಡ ನಮ್ಮವರಿಗೆ ಅದು ಅಷ್ಟು ದೊಡ್ಡ ಸಾಹಸವಾಗಿ ಕಾಣದಿರಬಹುದು. ಅದು ಬೇರೆ ಮಾತು.

ಆದರೆ ವಿಮರ್ಶಕನು ಮೂಸಿ ನೋಡಬೇಕಾದುದು ಚಿತ್ರವನ್ನಲ್ಲ, ಗಂಧವನ್ನು. ನಿಂಬೆಯ ಜಾತಿಯ ಹಣ್ಣುಗಳು, ಹಸುರು ಚಹದ ಸುಳಿವು, ಒಗೆದ ಬಟ್ಟೆಯಂತಹ ತೆಳುವಾದ ಕೃತಕ ಕಸ್ತೂರಿ ಇವೇ ಅದರಲ್ಲಿರುವುವು. ಹಿತವಾಗಿದೆ, ಸುಕುಮಾರವಾಗಿದೆ, ಪ್ರಸನ್ನವಾಗಿದೆ. ಯಾರಿಗೂ ನೋವಾಗುವುದಿಲ್ಲ, ಯಾರನ್ನೂ ತಿರುಗಿ ನೋಡುವಂತೆಯೂ ಮಾಡುವುದಿಲ್ಲ. ಕಟ್ಟಳೆಯನ್ನು ಮೀರಿದ ಭಾವವೆಲ್ಲ ಚಿತ್ರದಲ್ಲಿಯೂ ಹೆಸರಿನಲ್ಲಿಯೂ ಉಳಿದು ಗಂಧದೊಳಕ್ಕೆ ಇಳಿಯಲಿಲ್ಲ. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಗಳ ಮೊದಲ ಪಂಕ್ತಿಯಲ್ಲಿ ಎಣಿಸಿರುವನು. ‘ಶೃಂಗಾರ, ಶೃಂಗಾರ’ ಎಂದು ನೂರು ಸಲ ಹೇಳಿದರೆ ಶೃಂಗಾರವು ಹುಟ್ಟದು. ಹಾಗೆಯೇ ‘ನಾನು ನಾನೇ’ ಎಂದು ಸೀಸೆಯ ಮೇಲೆ ಅಚ್ಚೊತ್ತಿದರೆ ವ್ಯಕ್ತಿವೈಶಿಷ್ಟ್ಯವು ಹುಟ್ಟದು. ಅದು ವಾಚ್ಯವಾಗತಕ್ಕುದಲ್ಲ, ಧ್ವನಿತವಾಗತಕ್ಕುದು. ಲಕ್ಷಾಂತರ ಜನರು ಒಂದೇ ಸೀಸೆಯನ್ನು ಕೊಂಡು ಒಂದೇ ಬಗೆಯಲ್ಲಿ ತಾವು ಬೇರೆಯವರೆಂದು ಸಾರುವುದು ಹಾಸ್ಯರಸಕ್ಕೆ ವಿಭಾವವಾದೀತೇ ಹೊರತು ವೀರಕ್ಕಾಗದು.

ಬ್ಯಾಂಡಿಟ್ಟೂ ಸೀಸೆಯಲ್ಲಿಯೇ ಮಾರಾಟವಾಯಿತಲ್ಲವೇ, ಅದರ ಹೆಸರೂ ದಾರಿಗಳ್ಳನೆಂದೇ ಅಲ್ಲವೇ ಎಂಬ ಆಕ್ಷೇಪವು ಯುಕ್ತವೇ. ಆದರೆ ಅದರ ಹೆಸರನ್ನು ಮರೆಮಾಡಿ ಮೂಸಿದರೂ ಅದು ತನ್ನ ಮಾತನ್ನು ತಾನೇ ಹೇಳುತ್ತದೆ. ಹೆಸರು ಅಲ್ಲಿ ಅನುವಾದ ಮಾತ್ರ. ಇನ್ನೊಂದರಲ್ಲಿ ಹೆಸರೇ ವಿಧಿ. ಈ ಒಂದು ಪರೀಕ್ಷೆಯನ್ನು ಯಾವ ಗಂಧಕ್ಕಾದರೂ, ಏಕೆ, ಯಾವ ಕಾವ್ಯಕ್ಕಾದರೂ ಒಡ್ಡಬಹುದು.

೬. ಸಿದ್ಧಾಂತ

ಹಾಗಾದರೆ ವ್ಯಕ್ತಿವೈಶಿಷ್ಟ್ಯವು ಗಂಧದಲ್ಲಿ ಎಲ್ಲಿ ನೆಲಸಿದೆ? ದ್ರವ್ಯದಲ್ಲಿ ಮಾತ್ರವೂ ಅಲ್ಲ, ಪೂಸಿಕೊಂಡವನಲ್ಲಿ ಮಾತ್ರವೂ ಅಲ್ಲ. ಒಂದೇ ಗಂಧವು ಮೈಯ ಬಿಸುಪಿನಿಂದಲೂ ಚರ್ಮದ ಸ್ನಿಗ್ಧತೆಯಿಂದಲೂ ಒಬ್ಬೊಬ್ಬರಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾಗುತ್ತದೆ. ಮೂಸುವವರೂ ಬೇರೆಬೇರೆಯೇ. ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳು ಘ್ರಾಣಗ್ರಾಹಕಗಳ ಜೀನುಗಳ ವಿಷಯವನ್ನು ೧೯೯೧ರಲ್ಲಿ ಪ್ರಕಟಿಸಿ, ೨೦೦೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಮನುಷ್ಯನಲ್ಲಿ ಸುಮಾರು ನಾನ್ನೂರು ಬಗೆಯ ಗ್ರಾಹಕಗಳು ಕೆಲಸಮಾಡುತ್ತವೆಂದೂ ಅವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತವೆಂದೂ ಈಗ ತಿಳಿದಿದೆ. ಕವಿ, ಕಾವ್ಯ, ಸಹೃದಯ ಈ ಮೂವರ ಸಂಗಮದಲ್ಲಿ ರಸವೆಂದು ನಮ್ಮವರು ಹೇಳಿದರು. ಗಂಧಶಿಲ್ಪಿ, ಗಂಧ, ಮೈ, ಮೂಗು ಈ ನಾಲ್ಕರ ಸಂಗಮದಲ್ಲಿ ವೈಶಿಷ್ಟ್ಯವೆಂದು ನಾವು ಹೇಳಬಹುದು.

ಈ ನಿಕಷದಿಂದ ನೋಡಿದರೆ ನಮ್ಮ ಪ್ರಾಚೀನರಿಗೂ ಆಧುನಿಕರಿಗೂ ಒಂದೊಂದರ್ಧವೇ ದೊರೆತುದೆಂದು ತೋರುತ್ತದೆ. ಲಕ್ಷಕ್ಕೆ ಮೀರಿದ ಗಂಧಗಳನ್ನು ಎಣಿಸಿದ ಶಾಸ್ತ್ರವು ಅವುಗಳಲ್ಲಿ ಒಂದನ್ನಾದರೂ ವಿಧವೆಯ ಕೈಗೆ ಕೊಡಲು ಮನಸ್ಸುಮಾಡಲಿಲ್ಲ. ಕೊಳ್ಳಲು ಹಣವಿರುವ ಎಲ್ಲರ ಕೈಗೂ ಸೀಸೆಯನ್ನು ಕೊಟ್ಟ ವ್ಯಾಪಾರವು ಅವರವರ ಗಂಧವನ್ನು ಅವರವರೇ ಕೂಡಿಸಿಕೊಳ್ಳುವ ಯುಕ್ತಿಯನ್ನು ಕೊಡಲಿಲ್ಲ. ಅಧಿಕಾರವು ಎಲ್ಲರಿಗೂ, ಯುಕ್ತಿಯು ಒಬ್ಬೊಬ್ಬರಿಗೂ ದೊರೆತಾಗಲೇ ಗಂಧದಲ್ಲಿ ಸ್ವಾತಂತ್ರ್ಯವು ಪೂರ್ಣವಾದೀತು. ಲೋಕೋಪಕಾರದ ಗಂಧಪ್ರಕರಣವನ್ನು ಬೃಹತ್ಸಂಹಿತೆ, ಮಾನಸೋಲ್ಲಾಸಗಳೊಡನೆ ಹೋಲಿಸಿ, ಅಲ್ಲಿ ಹೇಳಿದ ದ್ರವ್ಯಗಳನ್ನು ಗುರುತಿಸಿ, ಸಾಧ್ಯವಾದಷ್ಟನ್ನು ಕೂಡಿಸಿಯೂ ನೋಡುವ ಕೆಲಸವನ್ನು ನಮ್ಮ ತರುಣ ವಿದ್ವಾಂಸರು ಕೈಗೊಂಡರೆ ಈ ದಾರಿಯಲ್ಲಿ ಒಂದು ಹೆಜ್ಜೆಯನ್ನಿಟ್ಟಂತಾಗುವುದು.

ಶಿಷ್ಯರಿಗೆ ಸೀಸೆಯನ್ನು ಹಿಂದಿರುಗಿಸುವಾಗ ನಾನು ಹೇಳಿದುದಿಷ್ಟು: ಇದು ಬಲ್ಲವಳು ಮಾಡಿದ ಕೃತಿ, ಇದರ ಕಟುತ್ವವು ದೋಷವಲ್ಲ, ಗುಣ. ಆದರೆ ಕಟ್ಟಳೆಗೆ ತಲೆಬಾಗದ ಪರಿಮಳವನ್ನು ನಾನು ಇದಕ್ಕಿಂತ ಬಹು ಮೊದಲೇ ಮೂಸಿದ್ದೆನು. ಅದಕ್ಕೆ ಹೆಸರಿರಲಿಲ್ಲ, ಸೀಸೆಯಿರಲಿಲ್ಲ. ಮೊಸರನ್ನದ ತುತ್ತಿನೊಡನೆ ಅದು ನಮ್ಮ ಬಾಯಿಯವರೆಗೆ ಬರುತ್ತಿದ್ದಿತು.